ಮುಂದೆ ಮಾತ್ರೆಯೇ ಸಿಗದೆ ಹೋದರೆ ಎಂಬ ಭಯ ಕಾಡುವಾಗ ಏನು ಮಾಡಬೇಕು?

ಹಾಸನದಲ್ಲಿದ್ದುಕೊಂಡು ಮೂರು ವರ್ಷಗಳಿಂದ ಖಿನ್ನತೆ, ಆತಂಕಗಳಿಗೆ ಕೊಡುವ ಎಸಿಟಾಲೊಪ್ರಾಮ್ ಮಾತ್ರೆ ಸೇವಿಸುತ್ತಿರುವುದಾಗಿಯೂ, ಖರ್ಚು ನೋಡಿಕೊಳ್ಳುವ ತಂದೆಯವರು ಮುಂದಿನ ವರ್ಷ ನಿವೃತ್ತರಾಗುವುದರಿಂದ ಮಾತ್ರೆ ನಿಂತುಹೋದರೆ ಗತಿಯೇನು ಎಂಬ ಚಿಂತೆಯಲ್ಲಿ ರಾತ್ರಿ ನಿದ್ದೆ ಹತ್ತುತ್ತಿಲ್ಲವೆಂದೂ ಬರೆದಿದ್ದೀರಿ. ಕೊನೆಯಲ್ಲಿ, ಯಾರಿಗೂ ಹೇಳದೆ ಎರಡು ತಿಂಗಳಿಂದ ದಿನ ಬಿಟ್ಟು ದಿನ ನುಂಗಿ ಉಳಿದದ್ದನ್ನು ಕೂಡಿಡುತ್ತಿದ್ದೇನೆ ಎಂದು ಒಂದು ಸಾಲು ಸೇರಿಸಿದ್ದೀರಿ. ನಾನು ಆ ಸಾಲಿನಿಂದಲೇ ಆರಂಭಿಸುತ್ತೇನೆ.

ನಾನು ವೈದ್ಯನಲ್ಲ. ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊರಳುವ ಬೈಪೋಲಾರ್ ಕಾಯಿಲೆಗಾಗಿ ಹನ್ನೆರಡು ವರ್ಷಗಳಿಂದ ಲಿಥಿಯಂ ಸೇವಿಸುತ್ತಿರುವವನು. ಚಿಕ್ಕಮಗಳೂರು ಜಿಲ್ಲೆಯ ಕಳಸದಿಂದ ಹೊರನಾಡಿಗೆ ಹೋಗುವ ದಿಕ್ಕಿನಲ್ಲಿ ನಮ್ಮ ಮನೆ. ಎಸಿಟಾಲೊಪ್ರಾಮ್ ದೇಹ ಸೇರಿದ ಮೇಲೆ ಸುಮಾರು 30 ಗಂಟೆಗಳಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ದಿನ ಬಿಟ್ಟು ದಿನ ನುಂಗಿದರೆ ರಕ್ತದಲ್ಲಿ ಅದು ಒಮ್ಮೆ ಏರಿ ಒಮ್ಮೆ ಇಳಿಯುತ್ತಿರುತ್ತದೆ. ಆ ಇಳಿತದಲ್ಲಿ ತಲೆಸುತ್ತು, ಸಿಡುಕು, ಕೆಟ್ಟ ಕನಸು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ, ಕಾರಣವಿಲ್ಲದ ಗಾಬರಿ ಇವೆಲ್ಲ ಬರಬಹುದು. ಹಾಗಾಗಿ ನಿಮ್ಮ ನಿದ್ದೆಗೆಟ್ಟ ರಾತ್ರಿಗಳಲ್ಲಿ ಎಷ್ಟು ಪಾಲು ತಂದೆಯವರ ನಿವೃತ್ತಿಯ ಚಿಂತೆಯದು, ಎಷ್ಟು ಪಾಲು ನೀವು ನುಂಗದೆ ಬಿಟ್ಟ ಮಾತ್ರೆಯದು ಎಂದು ಈಗ ನಿಮಗೂ ಹೇಳಲಾಗದು. ಮಾತ್ರೆ ಇಲ್ಲದ ದಿನ ಬಂದೀತೆಂಬ ಹೆದರಿಕೆಯಲ್ಲಿ ಆ ದಿನವನ್ನು ವಾರಕ್ಕೆ ಮೂರು ನಾಲ್ಕು ಸಲ ನೀವೇ ಬರಮಾಡಿಕೊಳ್ಳುತ್ತಿದ್ದೀರಿ.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣ, ನಾನೂ ಅದನ್ನೇ ಮಾಡಿದವನು. 2019ರ ಆಗಸ್ಟ್ ಮಳೆಯಲ್ಲಿ ಭದ್ರಾ ನದಿ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತು, ಮೂಡಿಗೆರೆ ಕಡೆಯ ದಾರಿಗಳಲ್ಲಿ ಧರೆ ಕುಸಿಯಿತು, ಕರೆಂಟೂ ಇರಲಿಲ್ಲ. ನನ್ನ ಹತ್ತಿರ ಉಳಿದಿದ್ದದ್ದು ನಾಲ್ಕು ಮಾತ್ರೆ. ಮೇಣದಬತ್ತಿಯ ಬೆಳಕಿನಲ್ಲಿ ಅಜ್ಜಿಯ ಅಡಕತ್ತರಿ ತಂದು ಒಂದೊಂದನ್ನೂ ಎರಡು ಹೋಳು ಮಾಡಿದೆ. ಒಂದು ಹೋಳು ಪುಡಿಯಾಗಿ ಚಾಪೆಯ ಸಂದಿಗೆ ಬಿದ್ದುದನ್ನು ಬೆರಳು ತೇವ ಮಾಡಿಕೊಂಡು ಎತ್ತಿ ನಾಲಿಗೆಗೆ ಹಚ್ಚಿಕೊಂಡೆ. ಅದು ಎಸ್‌ಆರ್ ಮಾತ್ರೆ, ಎಂದರೆ ನಿಧಾನವಾಗಿ ಕರಗಲೆಂದೇ ಮಾಡಿದ್ದು. ವೈದ್ಯರನ್ನು ಕೇಳದೆ ಕತ್ತರಿಸುವಂಥದ್ದಲ್ಲ ಎಂಬ ತಿಳಿವಳಿಕೆ ನನಗೆ ಆಗ ಇರಲಿಲ್ಲ. ದಾರಿ ತೆರೆದ ಮೇಲೆ ಮಾತ್ರೆ ಬಂತು, ಕಾಯಿಲೆ ಕೆರಳಲಿಲ್ಲ. ಆದರೆ ಭಯ ಮನೆ ಮಾಡಿತು. ರಾತ್ರಿ ಮೂರು ಸಲ ಎದ್ದು ಶೀಟುಗಳನ್ನು ಎಣಿಸುವುದು ನನ್ನ ಕೆಲಸವಾಯಿತು. ಹೆಂಡತಿ ಅದನ್ನು ವೈದ್ಯರ ಎದುರಿಗೇ ಹೇಳಿಬಿಟ್ಟಳು, ಹೇಳಿದ್ದು ಒಳ್ಳೆಯದಾಯಿತು. ಎಣಿಸುವುದಕ್ಕೆ ವಾರದಲ್ಲಿ ಒಂದೇ ದಿನ ಗೊತ್ತು ಮಾಡಿಕೊಳ್ಳಬೇಕೆಂದು ಅವರು ಸೂಚಿಸಿದರು. ಈಗ ಭಾನುವಾರ ಬೆಳಗಿನ ಕಾಫಿಯಾದ ಮೇಲೆ ಎಣಿಸಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಸಂಖ್ಯೆ ಬರೆಯುತ್ತೇನೆ. ಹದಿನೈದು ದಿನದ್ದು ಉಳಿದಾಗ ತರುವುದು, ಮಳೆಗಾಲದಲ್ಲಾದರೆ ಒಂದು ತಿಂಗಳದ್ದು ಉಳಿದಾಗಲೇ ತರುವುದು. ನಡುರಾತ್ರಿ ಅನುಮಾನ ಬಂದರೆ ಟಾರ್ಚ್ ಹಿಡಿದು ಕ್ಯಾಲೆಂಡರ್ ನೋಡಬಹುದು, ಡಬ್ಬಿ ತೆಗೆಯುವಂತಿಲ್ಲ.

ಆದರೂ ಡಬ್ಬಿ ಎಷ್ಟೇ ತುಂಬಿದರೂ ಒಂದು ದಿನ ಮುಗಿಯುವಂಥದ್ದೇ ಆದ್ದರಿಂದ, ನನಗೆ ನಿಜವಾಗಿ ಧೈರ್ಯ ಬಂದದ್ದು ಮಾತ್ರೆ ಬರುವ ದಾರಿಗಳು ಒಂದಕ್ಕಿಂತ ಹೆಚ್ಚಿವೆ ಎಂದು ತಿಳಿದ ಮೇಲೆ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಎಸಿಟಾಲೊಪ್ರಾಮ್ ಒಂದೇ ಕಂಪನಿಯ ಸೊತ್ತಲ್ಲ. ಹತ್ತಾರು ಕಂಪನಿಗಳು ತಯಾರಿಸುತ್ತವೆ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದೂ ಇದೆ, ನನ್ನ ಲಿಥಿಯಂ ಸಹ ಇದೆ. ಈ ಪಟ್ಟಿಯಲ್ಲಿರುವ ಔಷಧಗಳಿಗೆ ಸರ್ಕಾರ ಗರಿಷ್ಠ ಬೆಲೆ ಗೊತ್ತುಪಡಿಸುತ್ತದೆ. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017 ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಅಗತ್ಯ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕೆಂದು ಹೇಳುತ್ತದೆ. ಕಾಯ್ದೆಯಲ್ಲಿ ಬರೆದದ್ದೆಲ್ಲ ಕಿಟಕಿಯಲ್ಲಿ ಸಿಗುವುದಿಲ್ಲ ಎಂಬುದು ನನಗೂ ಗೊತ್ತು. ಒಂದು ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎಂಬ ಮಾತನ್ನು ನಾನು ಎರಡು ಸಲ ಕೇಳಿದ್ದೇನೆ. ಅಂಥ ವೇಳೆಗೆ ಜನೌಷಧಿ ಕೇಂದ್ರವಿದೆ. ಅಲ್ಲಿ ಬ್ರ್ಯಾಂಡಿನ ಹೆಸರು ಹೇಳಿದರೆ ಪ್ರಯೋಜನವಿಲ್ಲ, ಆದ್ದರಿಂದ ಚೀಟಿಯಲ್ಲಿ ಔಷಧದ ಮೂಲ ಹೆಸರನ್ನೂ ಮಿಲಿಗ್ರಾಂ ಪ್ರಮಾಣವನ್ನೂ ದೊಡ್ಡಕ್ಷರದಲ್ಲಿ ಬರೆದುಕೊಡುವಂತೆ ವೈದ್ಯರನ್ನು ಕೇಳಿಕೊಳ್ಳಿ.

ಹಾಸನದವರಾದ ನಿಮಗೆ ನನಗಿಲ್ಲದ ಅನುಕೂಲವೊಂದಿದೆ. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಹಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗ ಊರಿನಲ್ಲೇ ಇದೆ. ತಂದೆಯವರ ನಿವೃತ್ತಿಯವರೆಗೆ ಕಾಯದೆ, ಖಾಸಗಿ ವೈದ್ಯರ ಚೀಟಿ ಕೈಯಲ್ಲಿರುವಾಗಲೇ ಅಲ್ಲಿ ಒಮ್ಮೆ ಹೆಸರು ಬರೆಸಿ, ಒಂದು ತಿಂಗಳ ಮಾತ್ರೆಯನ್ನು ಅಲ್ಲಿಂದಲೇ ಪಡೆದು ನೋಡಿ. ನಡೆದು ನೋಡಿದ ದಾರಿಯ ಬಗ್ಗೆ ರಾತ್ರಿ ಅಷ್ಟು ಕಲ್ಪನೆಗಳು ಹುಟ್ಟುವುದಿಲ್ಲ. ವಿಮೆಯ ವಿಚಾರದಲ್ಲಿ ಹೆಚ್ಚು ನಿರೀಕ್ಷೆ ಬೇಡ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು ಅದೇ ಕಾಯ್ದೆ ಹೇಳಿದ್ದರೂ, ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದ ಖರ್ಚನ್ನು ನೋಡುತ್ತವೆಯೇ ಹೊರತು ತಿಂಗಳ ಮಾತ್ರೆಯದನ್ನಲ್ಲ.

ಸಂಗ್ರಹವೇ ಬೇಡವೆಂದು ನಾನು ಹೇಳುತ್ತಿಲ್ಲ. ಒಂದು ತಿಂಗಳ ಹೆಚ್ಚುವರಿಯನ್ನು ವೈದ್ಯರಿಗೆ ತಿಳಿಸಿ, ಚೀಟಿಯಲ್ಲೇ ಬರೆಸಿ ಇಟ್ಟುಕೊಳ್ಳಬಹುದು. ನಿಮ್ಮ ಚೀಟಿಯಲ್ಲಿ ಗಾಬರಿ ತಗ್ಗಿಸಲು ಕೊಡುವ ಕ್ಲೊನಾಜೆಪಾಮ್‌ನಂಥದ್ದೂ ಇದ್ದರೆ ಮಾತ್ರ ಅಂಗಡಿಯವರು ಹೆಚ್ಚು ಕೊಡಲು ಒಪ್ಪದಿರಬಹುದು. ಅಂಥ ಮಾತ್ರೆಗಳ ಮಾರಾಟಕ್ಕೆ ಬಿಗಿಯಾದ ನಿಯಮಗಳಿರುವುದರಿಂದ ಅವರನ್ನು ದೂರಿ ಫಲವಿಲ್ಲ. ಆದರೆ ನಾಲ್ಕು ಜನರ ಎದುರು ‘ಇದು ತಲೆ ಮಾತ್ರೆ ಅಲ್ವಾ’ ಎಂದು ಕೂಗಿ ಕೇಳುವ ಅಂಗಡಿಯನ್ನು ಬದಲಾಯಿಸಿ, ನಾನೂ ಬದಲಾಯಿಸಿದ್ದೇನೆ. ಮಾತ್ರೆಗಳನ್ನು ಶೀಟಿನಿಂದ ಬಿಡಿಸದೆ, ಒಲೆಯ ಮೇಲಿನ ಅಟ್ಟದಲ್ಲಿಡದೆ, ಮುಚ್ಚಳ ಭದ್ರವಾಗಿರುವ ಸ್ಟೀಲ್ ಡಬ್ಬಿಯಲ್ಲಿಟ್ಟು, ಹಳೆಯದನ್ನು ಮೊದಲು ಮುಗಿಸಬೇಕು. ಚೀಟಿಯ ಫೋಟೋ ನಿಮ್ಮ ಫೋನಿನಲ್ಲಷ್ಟೇ ಅಲ್ಲದೆ ಬೇರೆ ಊರಿನಲ್ಲಿರುವ ಒಬ್ಬರ ಫೋನಿನಲ್ಲೂ ಇರಲಿ. ನನ್ನದು ಕೊಪ್ಪದಲ್ಲಿರುವ ಅಕ್ಕನ ಬಳಿ ಇದೆ. ರಾತ್ರಿ ತೀರಾ ತಡೆಯಲಾರದಂತಾದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಉಚಿತ, ಇಡೀ ದಿನ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಇದಕ್ಕೆಲ್ಲ ಮೊದಲು, ಈ ವಾರವೇ ನಿಮ್ಮ ವೈದ್ಯರನ್ನು ಕಾಣಿರಿ. ತಪ್ಪಿದ ಮಾತ್ರೆಗಳನ್ನು ಸರಿದೂಗಿಸಲು ಒಮ್ಮೆಲೇ ಎರಡು ನುಂಗಬೇಡಿ. ದಿನವಹಿ ಪ್ರಮಾಣಕ್ಕೆ ಹೇಗೆ ಮರಳಬೇಕೆಂದು ಅವರೇ ಹೇಳಲಿ. ಕೂಡಿಟ್ಟ ಶೀಟುಗಳನ್ನು ಮನೆಯಲ್ಲಿ ಬಿಡದೆ ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲಿಡಿ. ಬಾಯಲ್ಲಿ ಹೇಳಲು ಹಿಂಜರಿಕೆಯಾದರೂ, ಅವುಗಳನ್ನು ಕಂಡ ಮೇಲೆ ಮುಂದಿನ ಪ್ರಶ್ನೆಯನ್ನು ಅವರೇ ಕೇಳುತ್ತಾರೆ.