ಬ್ರೇಕ್ ಒತ್ತಿದರೆ ಸ್ಟೇರಿಂಗ್ ಅದುರುತ್ತದೆ, ಏನು ಮಾಡಲಿ?

ಪ್ರಶ್ನೆ: ನನ್ನದು ಆರು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ತಿಂಗಳಿಗೆರಡು ಸಲ ಎಕ್ಸ್‌ಪ್ರೆಸ್‌ವೇ ಹಿಡಿದು ಮುಂಬೈಗೆ ಹೋಗಿಬರುತ್ತೇನೆ. 80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ಅದುರುತ್ತದೆ. ಹೋದ ವರ್ಷ ಇದೇ ತೊಂದರೆಗೆ ಮುಂದಿನ ಎರಡೂ ಡಿಸ್ಕ್, ಪ್ಯಾಡ್ ಹೊಸದು ಹಾಕಿಸಿದ್ದೆ. ಏಳು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಮತ್ತೆ ಶುರುವಾಗಿದೆ. ‘ಡಿಸ್ಕ್ ಬೆಂಡ್ ಆಗಿದೆ, ಬದಲಿಸಿ’ ಅನ್ನುತ್ತಾರೆ ಗ್ಯಾರೇಜಿನವರು. ಮತ್ತೆ ದುಡ್ಡು ಸುರಿಯಬೇಕೆ?
— ಒಬ್ಬ ಓದುಗರು, ಕೋಥ್ರೂಡ್, ಪುಣೆ

ಉತ್ತರ: ಸದ್ಯಕ್ಕೆ ಬೇಡ. ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ; ಬ್ರೇಕ್ ಒತ್ತಿದಾಗ ಪ್ಯಾಡುಗಳು ಎರಡೂ ಕಡೆಯಿಂದ ಇದನ್ನೇ ಅದುಮಿ ಹಿಡಿಯುತ್ತವೆ. ಅದು ‘ಬೆಂಡ್’ ಆಗುವುದು ಬಲು ಅಪರೂಪ. ಆಗುವುದೇನೆಂದರೆ, ಅದರ ದಪ್ಪ ಒಂದೊಂದು ಕಡೆ ಒಂದೊಂದು ರೀತಿ ಆಗಿಬಿಡುತ್ತದೆ. 0.02 ಮಿ.ಮೀ. ವ್ಯತ್ಯಾಸವಿದ್ದರೂ ಸಾಕು, ಕೈಗೆ ಗೊತ್ತಾಗುತ್ತದೆ. ಹೊಸ ಡಿಸ್ಕ್ ನೆಟ್ಟಗೆ ಕೂರದೆ ಸ್ವಲ್ಪ ಓಲಾಡುತ್ತಿದ್ದರೆ, ನೀವು ಬ್ರೇಕ್ ಒತ್ತದಿದ್ದಾಗಲೂ ಅದರ ಉಬ್ಬಿದ ಭಾಗ ಪ್ರತಿ ಸುತ್ತಿಗೂ ಪ್ಯಾಡಿಗೆ ಸವರಿಕೊಂಡೇ ಹೋಗುತ್ತದೆ. ಹಾಗೆ ಸವೆದು ಸವೆದು ಆ ಜಾಗ ತೆಳ್ಳಗಾಗುತ್ತದೆ. ಮೊದಲ ದಿನ ನಯವಾಗಿದ್ದ ಬ್ರೇಕ್ ಕೆಲವು ಸಾವಿರ ಕಿ.ಮೀ. ಆದಮೇಲೆ ಅದುರಲು ಇದೇ ಕಾರಣ. ಏಳು ಸಾವಿರ ಎಂಬ ನಿಮ್ಮ ಲೆಕ್ಕ ನೋಡಿದರೆ ಅನುಮಾನ ಡಿಸ್ಕಿಗಿಂತ ಅದನ್ನು ಕೂರಿಸಿದ ರೀತಿಯ ಮೇಲೇ ಹೋಗುತ್ತದೆ.

ಮೊದಲು ಅದುರುವುದು ಯಾವ ಕಡೆ ಎಂದು ಖಚಿತ ಮಾಡಿಕೊಳ್ಳಿ. ಸ್ಟೇರಿಂಗ್ ಅದುರಿದರೆ ಮುಂದಿನ ಚಕ್ರ. ಸೀಟು, ನೆಲ ಅದುರಿದರೆ ಹೆಚ್ಚಾಗಿ ಹಿಂದಿನ ಚಕ್ರದ ಡ್ರಮ್ ಬ್ರೇಕ್. ಖಾಲಿ, ಒಣ ರಸ್ತೆಯಲ್ಲಿ 40ರ ವೇಗದಲ್ಲಿ ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿಹಿಡಿದೇ ನಿಧಾನವಾಗಿ ಎಳೆದು ನೋಡಿ. ಆಗಲೂ ಅದುರಿದರೆ ತೊಂದರೆ ಹಿಂದೆ. ಇದು ಲಿವರ್ ಇರುವ ಕಾರಿಗೆ ಮಾತ್ರ. ಬ್ರೇಕ್ ಮುಟ್ಟದೆಯೂ 90ರಲ್ಲಿ ನಡುಕ ಬಂದರೆ ಅದು ವ್ಹೀಲ್ ಬ್ಯಾಲೆನ್ಸಿಂಗ್ ವಿಷಯ, ಬ್ರೇಕಿನದಲ್ಲ.

ಈಗ ಡಿಸ್ಕ್ ಬಿಚ್ಚಿಸಿ, ಹಬ್ಬಿನ (ಡಿಸ್ಕ್, ಚಕ್ರ ಎರಡನ್ನೂ ಬಿಗಿಯುವ ನಡುಭಾಗ) ಮುಖ ನೋಡಿ. ಪುಣೆಯ ನಾಲ್ಕು ತಿಂಗಳ ಮಳೆಯಲ್ಲಿ ಅಲ್ಲಿ ತುಕ್ಕಿನ ಹಕ್ಕಳೆ ಕಟ್ಟಿರುತ್ತದೆ. ಹಬ್ಬಿನ ಅಂಚಿನಲ್ಲಿ 0.05 ಮಿ.ಮೀ. ತುಕ್ಕು ಇದ್ದರೆ ಡಿಸ್ಕಿನ ಹೊರ ಅಂಚಿಗೆ ಬರುವಷ್ಟರಲ್ಲಿ ಓಲಾಟ ಸರಿಸುಮಾರು ದುಪ್ಪಟ್ಟಾಗುತ್ತದೆ. ತಂತಿ ಬ್ರಷ್, ಎಮರಿ ಪೇಪರ್ ಹಿಡಿದು ಲೋಹ ಹೊಳೆಯುವವರೆಗೆ ಉಜ್ಜಿಸಿ. ಡಿಸ್ಕಿನ ಒಳಮುಖವನ್ನೂ ಬಿಡಬೇಡಿ. ಹೋದ ಸಲ ಈ ಹತ್ತು ನಿಮಿಷದ ಕೆಲಸ ತಪ್ಪಿರಬಹುದು.

ಆಮೇಲೆ ಅಳತೆ. ಎಲ್ಲ ನಟ್ ಹಾಕಿ ಡಿಸ್ಕನ್ನು ಹಬ್ಬಿಗೆ ಬಿಗಿದು, ಹೊರ ಅಂಚಿನಿಂದ 10 ಮಿ.ಮೀ. ಒಳಗೆ ಡಯಲ್ ಗೇಜಿನ (ಸೂಕ್ಷ್ಮ ಓಲಾಟ ತೋರಿಸುವ ಮುಳ್ಳಿನ ಅಳತೆ ಸಾಧನ) ಮೊನೆ ಇಟ್ಟು ಒಂದು ಸುತ್ತು ತಿರುಗಿಸಬೇಕು. ಓಲಾಟ 0.05 ಮಿ.ಮೀ. ಒಳಗಿದ್ದರೆ ಒಳ್ಳೆಯದು. ಹೆಚ್ಚಿದ್ದರೆ ಡಿಸ್ಕನ್ನು ಒಂದು ತೂತು ಮುಂದಕ್ಕೆ ತಿರುಗಿಸಿ ಕೂರಿಸಿ, ಮತ್ತೆ ಅಳೆಯಿರಿ. ಉಬ್ಬು ಹಬ್ಬಿನ ಅದೇ ಜಾಗದಲ್ಲೇ ಉಳಿದರೆ ದೋಷ ಹಬ್ಬಿನದೋ ಬೇರಿಂಗಿನದೋ. ಡಿಸ್ಕಿನ ಜೊತೆ ಸರಿದರೆ ಡಿಸ್ಕಿನದು. ದಪ್ಪವನ್ನು ಮೈಕ್ರೋಮೀಟರಿನಲ್ಲಿ ಎಂಟು ಕಡೆ ನೋಡಬೇಕು. ಡಯಲ್ ಗೇಜ್ ಇಲ್ಲದ ಗ್ಯಾರೇಜು ‘ಬೆಂಡ್’ ಅಂದರೆ ಅದು ಬರೀ ಊಹೆ.

ನಿಮ್ಮ ಡಿಸ್ಕ್ ಇನ್ನೂ ಹೊಸತು, ಲೇತ್ ಯಂತ್ರದಲ್ಲಿ ಮೇಲ್ಮೈ ಕೆರೆಸಿ ಸಮ ಮಾಡಿಸಿದರೆ ಸಾಕಾದೀತು. ಕಾರಿನ ಮೇಲೇ ಕೂರಿಸಿ ಕೆರೆಯುವ ಲೇತ್ ಸಿಕ್ಕರೆ ಉತ್ತಮ. ಕೆರೆದ ಮೇಲೂ ಡಿಸ್ಕಿನಲ್ಲಿ ಅಚ್ಚೊತ್ತಿರುವ ಕನಿಷ್ಠ ದಪ್ಪಕ್ಕಿಂತ ಕಡಿಮೆ ಆಗಕೂಡದು. ಎಡಬಲ ಎರಡನ್ನೂ ಒಟ್ಟಿಗೇ ಮಾಡಿಸಿ. ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರಿನ ಪಿನ್ನುಗಳು ಕೈಯಲ್ಲಿ ಸಲೀಸಾಗಿ ಜಾರಬೇಕು. ಅವಕ್ಕೆ ಸಿಲಿಕೋನ್ ಬ್ರೇಕ್ ಗ್ರೀಸ್ ಮಾತ್ರ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಹಿಡಿದುಬಿಡುತ್ತದೆ.

ಚಕ್ರದ ನಟ್ ಬಿಗಿಯುವುದಕ್ಕೆ ನಟ್ ತಿರುಗಿಸುವ ಯಂತ್ರ ‘ಗನ್’ ಬೇಡವೇ ಬೇಡ. ಪಂಕ್ಚರ್ ಅಂಗಡಿಯ ಗನ್ನು ಒಂದು ನಟ್ಟಿಗೆ ಒಂದು ಬಿಗಿ ಕೊಟ್ಟು ಡಿಸ್ಕನ್ನು ಸೊಟ್ಟ ಕೂರಿಸುತ್ತದೆ. ಎಷ್ಟು ಬಿಗಿ ಎಂದು ಅಳೆದು ತೋರಿಸುವ ಟಾರ್ಕ್ ರೆಂಚ್ ಹಿಡಿದು, ಎದುರುಬದುರು ನಟ್ಟುಗಳನ್ನು ಎರಡು ಸುತ್ತಿನಲ್ಲಿ ಬಿಗಿಯಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. ನಿಮ್ಮ ಕಾರಿನ ಅಂಕಿ ಕೈಪಿಡಿಯಲ್ಲಿದೆ. ನಂತರ ಪ್ಯಾಡ್, ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಲು 60ರಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು–ಹತ್ತು ಸಲ ಬ್ರೇಕ್ ಹಿಡಿದು, ಹತ್ತು ನಿಮಿಷ ಸುಮ್ಮನೆ ಓಡಿಸಿ ಆರಿಸಿ.

ಇನ್ನೊಂದು ಮಾತು. ಮುಂಬೈ ದಾರಿಯ ಖಂಡಾಳ ಘಾಟಿಯನ್ನು ಬ್ರೇಕಿನ ಮೇಲೇ ಇಳಿದು, ಖಾಲಾಪುರ ಟೋಲ್ ಸಾಲಿನಲ್ಲಿ ಪೆಡಲ್ ಅದುಮಿ ನಿಂತರೆ ಕಾದ ಡಿಸ್ಕಿನ ಮೇಲೆ ಪ್ಯಾಡಿನ ಅಚ್ಚು ಕೂರುತ್ತದೆ. ಮೂರನೇ ಗೇರಿನಲ್ಲಿ ಇಳಿಯಿರಿ. ಸಮತಟ್ಟಿನಲ್ಲಿ ನಿಂತಾಗ ಪೆಡಲ್ ಸಡಿಲಿಸಿ.

ಪ್ರಶ್ನೆ: ಮಳೆಗಾಲವಿಡೀ ನಿಂತಿದ್ದ ಕಾರು ಈಗ ಬ್ರೇಕ್ ಹಿಡಿದರೆ ಗರ್ ಎಂದು ಕುಲುಕುತ್ತದೆ.
— ವಾಸ್ಕೋ, ಗೋವಾ

ಉತ್ತರ: ಪ್ಯಾಡಿನಡಿ ಬಿಟ್ಟು ಉಳಿದ ಕಡೆಯೆಲ್ಲ ತುಕ್ಕು ಹಿಡಿದಿದೆ. ಕಡಲ ಗಾಳಿಗೆ ಇದು ಮಾಮೂಲು. 50ರ ವೇಗದಿಂದ ಹತ್ತು ಸಲ ಬ್ರೇಕ್ ಹಿಡಿದರೆ ಹೆಚ್ಚಾಗಿ ಉದುರುತ್ತದೆ. ನೂರು ಕಿ.ಮೀ. ಆದರೂ ಹೋಗದಿದ್ದರೆ ಬಿಚ್ಚಿಸಿ ನೋಡಿ. ಮುಂದಿನ ಸಲ ಹ್ಯಾಂಡ್‌ಬ್ರೇಕ್ ಎಳೆಯದೆ, ಮೊದಲ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ.

ಪ್ರಶ್ನೆ: ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಕಟಕಟ ಎಂದು ಕಾಲಿಗೆ ಒದೆಯುತ್ತದೆ. ಬೇರೆ ಸಮಯದಲ್ಲಿ ಸರಿಯಾಗಿದೆ.
— ಡೊಂಬಿವಲಿ

ಉತ್ತರ: ಅದು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ), ತನ್ನ ಕೆಲಸ ಮಾಡುತ್ತಿದೆ. ಕಾಲು ತೆಗೆಯಬೇಡಿ, ಒತ್ತಿಯೇ ಇರಿ. ಒಣ ರಸ್ತೆಯಲ್ಲಿ, ಕಾರು ಇನ್ನೇನು ನಿಲ್ಲುವಾಗಲೂ ಹಾಗಾದರೆ ಮಾತ್ರ ಚಕ್ರದ ಸೆನ್ಸರ್ ಮತ್ತು ಅದರ ರಿಂಗಿಗೆ ಕೆಸರು, ತುಕ್ಕು ಕೂತಿದೆಯೇ ನೋಡಿಸಿ.