ಜುಲೈನಲ್ಲಿ ಅಮೆರಿಕದ ಮೇನ್ ರಾಜ್ಯದ ಕರಾವಳಿ, ಹಾಯಿದೋಣಿಯಲ್ಲಿ ಒಂದು ವಾರ: ಎಲ್ಲಿಯವರೆಗೆ ಹೋಗಬಹುದು?

ಕ್ಯಾಮ್ಡೆನ್‌ನಿಂದ ಬಾರ್ ಹಾರ್ಬರ್‌ಗೆ ಹೋಗಿ ವಾರದೊಳಗೆ ವಾಪಸ್ ಬರಬಹುದಾ, ಮಂಜಿನ ಕಾಟ ಜಾಸ್ತಿನಾ ಅಂತ ಕೇಳಿದ್ದೀರಿ. ಹೋಗಿ ಬರಬಹುದು. ಆದರೆ ನನ್ನ ಮಾತು ಕೇಳಿದರೆ ಬೇಡ, ಕ್ಯಾಮ್ಡೆನ್ ಇರುವ ಪೆನಾಬ್‌ಸ್ಕಾಟ್ ಕೊಲ್ಲಿಯ ಆಸುಪಾಸಿನಲ್ಲೇ ಇರಿ. ಕಾರಣ ಆ ಮಂಜೇ.

ಬೇಸಿಗೆಯಲ್ಲಿ ಅಲ್ಲಿ ಹೆಚ್ಚಾಗಿ ನೈರುತ್ಯದ ಗಾಳಿ. ಆ ಬೆಚ್ಚಗಿನ ತೇವದ ಗಾಳಿ ತಣ್ಣೀರಿನ ಮೇಲೆ ಹಾದು ಬರುವಾಗ ಮಂಜು ಕಟ್ಟುತ್ತದೆ. ಕೆಲವು ಸಲ ಎರಡು ದಿನವಾದರೂ ಕದಲುವುದಿಲ್ಲ. ವಾಯುವ್ಯದ ಒಣಗಾಳಿ ಶುರುವಾದರೆ ಮಾತ್ರ ಪೂರ್ತಿ ತಿಳಿಯಾಗುತ್ತದೆ. ಇಂಥ ದಿನ ಇಂಥ ಊರು ಮುಟ್ಟಲೇಬೇಕು ಅಂತ ಹೊರಟವರು ಮಂಜಿನಲ್ಲೂ ಲಂಗರು ಎತ್ತುತ್ತಾರೆ. ಅಪಾಯ ಇರುವುದು ಅಲ್ಲಿ. ದಾರಿಯಲ್ಲೇ ಮಂಜು ಹಿಡಿದರೆ, ಹಾಯಿಯಲ್ಲಿ ಸಾಗುವ ದೋಣಿ ಎರಡು ನಿಮಿಷದೊಳಗೆ ಒಮ್ಮೆಯಾದರೂ ಹಾರ್ನ್ ಊದಬೇಕು: ಒಂದು ಉದ್ದ, ಎರಡು ಗಿಡ್ಡ.

ಲಾಬ್‌ಸ್ಟರ್ (ದೊಡ್ಡ ಕಡಲ ಸಿಗಡಿಯಂಥ ಜೀವಿ) ಹಿಡಿಯಲು ನೀರಿನ ತಳಕ್ಕೆ ಇಳಿಬಿಟ್ಟ ಬೋನುಗಳ ಮೇಲೂ ಕಣ್ಣಿರಲಿ. ಪ್ರತಿ ಬೋನಿನ ಹಗ್ಗಕ್ಕೂ ಅದರ ಮಾಲೀಕರ ಗುರುತಿನ ಬಣ್ಣದ ಬೋಯ್ (ತೇಲುಬುರುಡೆ) ತೇಲುತ್ತಿರುತ್ತದೆ. ಸ್ಟೋನಿಂಗ್ಟನ್ ಊರಿನ ಹತ್ತಿರವಂತೂ ಎಲ್ಲಿ ನೋಡಿದರೂ ಅವೇ. ಎಂಜಿನ್‌ನಲ್ಲಿ ಹೋಗುವಾಗ ತೀರಾ ಹತ್ತಿರ ಬಂದರೆ ನ್ಯೂಟ್ರಲ್‌ಗೆ ಹಾಕಿ ಹಾಗೇ ತೇಲಿ ದಾಟಿ. ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿದರೆ ನಿಮ್ಮ ದೋಣಿಯೂ ನಿಂತಿತು, ಅವರ ಸಂಪಾದನೆಯೂ ಹೋಯಿತು.

ಲಂಗರಿನ ಲೆಕ್ಕವನ್ನು ದಯವಿಟ್ಟು ಸರಿಯಾಗಿ ಮಾಡಿ. ಈ ಕೊಲ್ಲಿಯಲ್ಲಿ ಉಬ್ಬರ-ಇಳಿತದ ವ್ಯತ್ಯಾಸ ಸುಮಾರು 10 ಅಡಿ. ಮಂಗಳೂರಿನ ಕಡಲಲ್ಲಿ ಅದು ಎರಡು ಮೀಟರ್ ಕೂಡ ದಾಟುವುದಿಲ್ಲ. ಸಂಜೆ ಇಳಿತದಲ್ಲಿ 10 ಅಡಿ ನೀರಿದ್ದ ಜಾಗದಲ್ಲಿ ರಾತ್ರಿ 20 ಅಡಿ ಇರುತ್ತದೆ. ದೋಣಿಯ ಮುಂತುದಿ ನೀರಿನಿಂದ 4 ಅಡಿ ಮೇಲಿದ್ದರೆ ಒಟ್ಟು 24. ಅದರ ಐದು ಪಟ್ಟು, ಅಂದರೆ 120 ಅಡಿ ಹಗ್ಗ ಬಿಡಿ. ಸಂಜೆಯ ಆಳಕ್ಕೆ ಸಾಕು ಅಂತ 70 ಅಡಿ ಬಿಟ್ಟು ಮಲಗಿದರೆ ನಡುರಾತ್ರಿ ಲಂಗರು ಜಾರಬಹುದು.

ಜಾಗ ಯಾವುದು ಅಂದರೆ, ಸ್ಟೋನಿಂಗ್ಟನ್ ಮತ್ತು ಐಲ್ ಓ ಹೋ ದ್ವೀಪದ ನಡುವಿನ ಮರ್ಚೆಂಟ್ ರೋ ಎಂಬ ಕಡಲದಾರಿಯನ್ನು ಬಿಡಲೇಬೇಡಿ. ಪುಟ್ಟ ಪುಟ್ಟ ದ್ವೀಪಗಳು. ನೀರಿನಂಚಲ್ಲಿ ಕಂದು ಪಾಚಿ, ಅದರ ಮೇಲೆ ನುಣುಪಾದ ಗ್ರಾನೈಟ್, ಬಂಡೆ ಮುಗಿದಲ್ಲೇ ಸ್ಪ್ರೂಸ್ ಎಂಬ ಸೂಜಿಯೆಲೆಯ ಮರಗಳು. ಹತ್ತಿರ ಹೋದರೆ ಗಾಳಿಯಲ್ಲಿ ಆ ಮರದ ಅಂಟಿನ ವಾಸನೆ. ಅಷ್ಟು ಚಂದದ ಜಾಗವನ್ನು ಸುಮ್ನೆ ದಾಟಿಕೊಂಡು ಓಡುವುದು ನನಗಂತೂ ಸಹಿಸಲಾಗದು.

ಬೆಳಗ್ಗೆ ಗಾಳಿ ಕಡಿಮೆ, ಮಧ್ಯಾಹ್ನ ಏರುತ್ತದೆ. ಹಾಗಾಗಿ ತಡವಾಗಿ ಹೊರಟರೂ ನಡೆಯುತ್ತದೆ. ಮಕ್ಕಳಿಗೆ ಈಜುವ ಆಸೆ ಅಂದಿದ್ದೀರಲ್ವಾ? ಸಮುದ್ರದ ನೀರು ಮೈ ಕೊರೆಯುತ್ತದೆ, ಡೆಕ್ ಮೇಲೆ ಲೈಫ್ ಜಾಕೆಟ್ ತೆಗೆಯಲು ಬಿಡಬೇಡಿ. ವೈನಲ್‌ಹೇವನ್ ದ್ವೀಪದಲ್ಲಿ ಗ್ರಾನೈಟ್ ತೆಗೆದ ಹಳೆಯ ಕ್ವಾರಿಗಳಲ್ಲಿ ಸಿಹಿನೀರು ತುಂಬಿದೆ, ಸಮುದ್ರಕ್ಕಿಂತ ಬೆಚ್ಚಗಿರುತ್ತದೆ. ಈಜಿಗೆ ಅಲ್ಲಿಗೇ ಕರೆದುಕೊಂಡು ಹೋಗಿ.