ರಿಲಕ್ಟರ್ ರಿಂಗ್‌ಗೆ ಆ ಹೆಸರು ಯಾಕೆ?

ಸರ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಆರುತ್ತಿಲ್ಲ, ಚಕ್ರದ ಜೊತೆ ತಿರುಗುವ ಹಲ್ಲಿನ ಬಳೆ, ಅಂದರೆ ರಿಲಕ್ಟರ್ ರಿಂಗ್, ತುಕ್ಕು ಹಿಡಿದಿದೆ ಅಂತ ಮೆಕ್ಯಾನಿಕ್ ಅಂತಾರೆ, ಡಿಕ್ಷನರಿ ತೆಗೆದರೆ ರಿಲಕ್ಟೆನ್ಸ್ ಅಂದರೆ ‘ಮನಸ್ಸಿಲ್ಲದಿರುವುದು’ ಅಂತಿದೆ, ಚಕ್ರಕ್ಕೆ ಎಂಥ ಮನಸ್ಸು ಅಂತ ಕೇಳಿದ್ದೀರಿ. ಎರಡೂ ಒಂದೇ ಪದ.

ಮೂಲ ಲ್ಯಾಟಿನ್ನಿನ ‘ಲುಕ್ಟಾರಿ’, ಕುಸ್ತಿ ಹಿಡಿಯುವುದು. ಅದರ ಮೊದಲಿಗೆ ‘ರೆ’ ಸೇರಿದರೆ ತಿರುಗಿಬಿದ್ದು ಸೆಣಸುವುದು. ಮೆಕ್ಸಿಕೋದ ಮುಖವಾಡದ ಕುಸ್ತಿ ‘ಲೂಚಾ ಲಿಬ್ರೆ’ಯ ಲೂಚಾ ಕೂಡ ಇದೇ ಬೇರಿನದು. 17ನೇ ಶತಮಾನದ ಇಂಗ್ಲಿಷಿನಲ್ಲಿ ಸೆಣಸಾಟದ ಅರ್ಥ ಇನ್ನೂ ಜೀವಂತ ಇತ್ತು. 1667ರಲ್ಲಿ ಕವಿ ಮಿಲ್ಟನ್ ಹೊಗೆಯೊಳಗೆ ಹೆಣಗುವ ಜ್ವಾಲೆಯನ್ನೇ ‘ರಿಲಕ್ಟೆಂಟ್’ ಅಂದಿದ್ದಾನೆ. ಆಮೇಲೆ ಕುಸ್ತಿ ಮನಸ್ಸಿನೊಳಕ್ಕೆ ಹೋಯಿತು. ಹಾಗಾಗಿ ರಿಲಕ್ಟೆಂಟ್ ಅಂದರೆ ಖಡಾಖಂಡಿತ ಒಲ್ಲೆ ಅನ್ನುವವನೇ ಅಲ್ಲ, ಹಿಂದೇಟು ಹಾಕುತ್ತಲೇ ಕೊನೆಗೆ ಒಪ್ಪಿಕೊಳ್ಳುವವನೂ ಹೌದು.

ಕಾಂತಶಾಸ್ತ್ರಕ್ಕೆ ಈ ಪದ ತಂದವರು ಇಂಗ್ಲೆಂಡಿನ ವಿದ್ಯುತ್ ವಿಜ್ಞಾನಿ ಆಲಿವರ್ ಹೆವಿಸೈಡ್, 1888ರಲ್ಲಿ. ವಿದ್ಯುತ್ತಿನ ಇಂಪೀಡೆನ್ಸ್, ಇಂಡಕ್ಟೆನ್ಸ್ ಅನ್ನುವ ಪದಗಳೂ ಅವರದೇ. ಅದಕ್ಕೂ ಮೊದಲು ‘ಕಾಂತೀಯ ರೆಸಿಸ್ಟೆನ್ಸ್’ ಅನ್ನುತ್ತಿದ್ದರು. ಕಾಂತರೇಖೆಗಳು ಕಬ್ಬಿಣದಲ್ಲಿ ಸಲೀಸಾಗಿ ಹಾಯುತ್ತವೆ, ಗಾಳಿ ಬಂದರೆ ತಡೆ. ಆ ತಡೆಯೇ ರಿಲಕ್ಟೆನ್ಸ್. ನಿಮ್ಮ ರಿಂಗ್‌ನ ಹಲ್ಲು ಅಯಸ್ಕಾಂತವಿರುವ ಸೆನ್ಸರ್ ಎದುರು ಬಂದಾಗ ತಡೆ ಇಳಿಯುತ್ತದೆ, ಸಂದು ಬಂದಾಗ ಏರುತ್ತದೆ. ಈ ಏರಿಳಿತಕ್ಕೆ ಒಳಗಿನ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟಿ ವೇಗ ಗೊತ್ತಾಗುತ್ತದೆ. ಬೈಕಿನಲ್ಲಿ ಕಿಡಿ ಯಾವಾಗ ಹಾರಬೇಕು ಅಂತ ತಿಳಿಸುವ ಪಲ್ಸರ್ ಕಾಯಿಲ್ ಕೂಡ ಸಾಮಾನ್ಯವಾಗಿ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ.

ಇಲ್ಲೇ ನಿಮ್ಮ ತೊಂದರೆ ಇರೋದು. ಸೆನ್ಸರ್ ಮತ್ತು ಹಲ್ಲಿನ ನಡುವಿನ ಗ್ಯಾಪ್ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸು. ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಉಬ್ಬಿ ಅದನ್ನು ಮೇಲೆತ್ತಿದರೆ ಸಿಗ್ನಲ್ ಸೊರಗುತ್ತದೆ. ರಿಂಗ್ ಬದಲಾಯಿಸುವ ಮೊದಲು ಆ ಜಾಗ ಕೆರೆದು ನೋಡಿ. ಹಳೇ ಎರಡು ವೈರಿನ ಕಾಯಿಲ್ ಸೆನ್ಸರ್ ಆದರೆ ಚಕ್ರ ಎತ್ತಿ, ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರ್ ಎಸಿ ವೋಲ್ಟ್‌ಗೆ ಇಟ್ಟು ಕೈಯಿಂದ ತಿರುಗಿಸಿ. ವೇಗ ಹೆಚ್ಚಿದಂತೆ ಮೀಟರ್ ರೀಡಿಂಗ್ ಏರಬೇಕು. ಹೊಸ ಗಾಡಿಗಳ ಹಾಲ್ ಸೆನ್ಸರ್‌ಗೂ (ಹೊರಗಿನ ಕರೆಂಟ್‌ನಿಂದ ನಡೆಯುವ ಎಲೆಕ್ಟ್ರಾನಿಕ್ ಸೆನ್ಸರ್) ಎರಡೇ ವೈರ್ ಇರಬಹುದು, ಅದಕ್ಕೆ ಈ ಪರೀಕ್ಷೆ ನಡೆಯಲ್ಲ. ಯಾವುದು ಅಂತ ಮ್ಯಾನುಯಲ್ ನೋಡಿ.

ನಿಧಾನವಾಗಿ ನಿಲ್ಲಿಸುವಾಗ ಪೆಡಲ್ ಸುಮ್ಮಸುಮ್ಮನೆ ನಡುಗುತ್ತಾ? ಹಾಗಿದ್ದರೆ ರಿಂಗ್ ಸೀಳಿರೋ ಸಾಧ್ಯತೆ ಜಾಸ್ತಿ. ಒಂದು ಸುತ್ತು ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಪ್ರತಿ ಹಲ್ಲಿನ ಬುಡ ನೋಡಿ. ಸುತ್ತಿಗೆ ಮಾತ್ರ ಬೇಡ.